ಹಣ್ಣಿನ ಕೇಕ್: ದ್ರಾಕ್ಷಿ ತಳ ಸೇರುವುದೇಕೆ?

ಕೋಲಾರ ಜಿಲ್ಲೆಯವರಿಗೆ ಹಣ್ಣಿನ ಕೇಕ್ ಹೊಸದಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯು ಗಣಿಗಾರಿಕೆ ಆರಂಭಿಸಿದ ಮೇಲೆ ಕೆ.ಜಿ.ಎಫ್.ನಲ್ಲಿ ನೆಲೆಸಿದ ಆಂಗ್ಲೋ-ಇಂಡಿಯನ್ ಕುಟುಂಬಗಳು ಕ್ರಿಸ್‌ಮಸ್‌ಗೆ ಮಾಡುತ್ತಿದ್ದ ‘ಪ್ಲಮ್ ಕೇಕ್’ ಇದೇ. ಅದರಲ್ಲಿ ಪ್ಲಮ್ ಹಣ್ಣನ್ನು ಹುಡುಕಬೇಕಾಗಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯನ್ನೂ ಪ್ಲಮ್ ಎಂದೇ ಕರೆಯುತ್ತಿದ್ದರು.

ಏಳು ಅಂಗುಲದ ಟಿನ್ನಿಗೆ 200 ಗ್ರಾಂ ಮೈದಾ, ತಲಾ 150 ಗ್ರಾಂ ಬೆಣ್ಣೆ ಮತ್ತು ಸಕ್ಕರೆ, 3 ಮೊಟ್ಟೆ, 350 ಗ್ರಾಂ ಒಣಹಣ್ಣು, ಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್, ಸ್ವಲ್ಪ ಚಕ್ಕೆ-ಜಾಯಿಕಾಯಿ ಪುಡಿ ಸಾಕು. ನಮ್ಮ ಸುತ್ತಮುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ಒಣಗಿಸಿ ಹಾಕುವ ಆಸೆ ಬೇಡ. ಅದು ಬೀಜವಿರುವ ತಳಿ, ಪ್ರತಿ ತುತ್ತಿನಲ್ಲೂ ಹಲ್ಲಿಗೆ ಸಿಗುತ್ತದೆ. ವಿಜಯಪುರದ ಕಡೆಯಿಂದ ಬರುವ ಬೀಜವಿಲ್ಲದ ಒಣದ್ರಾಕ್ಷಿಯೇ ಸರಿ, ಜೊತೆಗೆ ಸಣ್ಣಗೆ ಹೆಚ್ಚಿದ ಖರ್ಜೂರ.

ಹಣ್ಣನ್ನು ಹಿಂದಿನ ರಾತ್ರಿಯೇ ಕಾಲು ಲೋಟ ಕಿತ್ತಳೆ ರಸದಲ್ಲಿ ನೆನೆಸಿಡಬೇಕು. ಒಣಗಿದ ಹಣ್ಣನ್ನು ಹಾಗೆಯೇ ಸೇರಿಸಿದರೆ ಅದು ಬೇಯುವಾಗ ಹಿಟ್ಟಿನ ತೇವವನ್ನೇ ಹೀರಿಕೊಳ್ಳುವುದರಿಂದ ಕೇಕ್ ಒರಟಾಗುತ್ತದೆ. ಹೀರದೆ ಉಳಿದ ರಸವನ್ನು ಮಾತ್ರ ಬಸಿಯಲೇಬೇಕು. ನಾನು ಮೊದಲ ಸಲ ಆ ರಸವನ್ನೂ ಸುರಿದು ಹಿಟ್ಟನ್ನು ತೆಳುವಾಗಿಸಿದ್ದೆ; ಕೊಯ್ದು ನೋಡಿದರೆ ಮೇಲೆ ಬರಿಯ ಕೇಕ್, ಕೆಳಗೆ ಒಂದಂಗುಲ ದ್ರಾಕ್ಷಿಯ ಪದರ.

ಹಣ್ಣನ್ನು ಮೈದಾದಲ್ಲಿ ಹೊರಳಿಸಿದರೆ ತಳಕ್ಕಿಳಿಯುವುದಿಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಆ ಮೈದಾ ಮೇಲಿನ ತೇವವನ್ನು ಹೀರಿ ಹಣ್ಣುಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ, ಆದರೆ ಭಾರವಾದ ದ್ರಾಕ್ಷಿಯನ್ನು ಹಿಡಿದು ನಿಲ್ಲಿಸುವುದು ಹಿಟ್ಟಿನ ಗಟ್ಟಿತನವೇ. ಹದ ತಿಳಿಯಲು ಹಿಟ್ಟನ್ನು ಚಮಚದಲ್ಲಿ ಎತ್ತಿ ಓರೆ ಮಾಡಿ ನೋಡಬೇಕು: ಇಡ್ಲಿ ಹಿಟ್ಟಿನಂತೆ ಜಾರಿ ಹೋಗಬಾರದು, ಉದ್ದಿನ ವಡೆಯ ಹಿಟ್ಟಿನಂತೆ ಒಂದು ಕ್ಷಣ ಅಂಟಿಕೊಂಡಿದ್ದು ದೊಪ್ಪನೆ ಬೀಳಬೇಕು.

ಈ ಹದ ಬರಲು ಮೆತ್ತಗಾದ ಬೆಣ್ಣೆಯನ್ನು ಸಕ್ಕರೆಯೊಂದಿಗೆ ಬಣ್ಣ ತಿಳಿಯಾಗುವವರೆಗೂ ನಾದಿ, ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟ ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಬೇಕು. ತಣ್ಣನೆಯ ಮೊಟ್ಟೆ ಬಿದ್ದೊಡನೆ ಬೆಣ್ಣೆ ಗಟ್ಟಿಯಾಗಿ ನೀರು ಬೇರೆ, ಜಿಡ್ಡು ಬೇರೆಯಾಗುತ್ತದೆ. ಹಾಗೆ ಒಡೆದರೆ ಒಂದು ಚಮಚ ಮೈದಾ ಹಾಕಿ ಕಲಸಿದರೆ ಕೂಡಿಕೊಳ್ಳುತ್ತದೆ. ಉಳಿದ ಮೈದಾವನ್ನು ಬೇಕಿಂಗ್ ಪೌಡರ್ ಮತ್ತು ಮಸಾಲೆ ಪುಡಿಯೊಂದಿಗೆ ಜರಡಿ ಹಿಡಿದು, ಕೈ ಹಗುರವಾಗಿಟ್ಟು ಬೆರೆಸಿ, ಹಣ್ಣನ್ನು ಕೊನೆಯಲ್ಲಿ ಹಾಕಬೇಕು.

ಸಾದಾ ಸ್ಪಂಜ್ ಕೇಕನ್ನು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ. ಹಣ್ಣಿನ ಸಕ್ಕರೆ ಬೇಗ ಕಪ್ಪಾಗುತ್ತದೆ, ದಟ್ಟವಾದ ಹಿಟ್ಟಿನ ನಡುಭಾಗಕ್ಕೆ ಬಿಸಿ ತಲುಪಲು ಮಾತ್ರ ಹೊತ್ತು ಹಿಡಿಯುತ್ತದೆ. ಆದ್ದರಿಂದ ಟಿನ್ನಿನ ಒಳಗೆ ಎರಡು ಪದರ ಬಟರ್ ಪೇಪರ್ ಹಾಸಿ, 150 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ ಬೇಯಿಸಬೇಕು. ಮೊದಲ ಒಂದು ಗಂಟೆ ಓವನ್ ಬಾಗಿಲು ತೆರೆಯಬಾರದು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಿರಬಾರದು. ಅಂಟಿದ್ದು ದ್ರಾಕ್ಷಿಯ ರಸವೇನೋ ಎಂಬ ಅನುಮಾನ ಬಂದರೆ ಪಕ್ಕದಲ್ಲಿ ಇನ್ನೊಮ್ಮೆ ಚುಚ್ಚಿ ನೋಡಬೇಕು.

ಕೇಕ್ ಟಿನ್ನಿನಲ್ಲಿಯೇ ಪೂರ್ತಿ ಆರಲಿ. ಆಮೇಲೆ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮರುದಿನ ಕೊಯ್ದರೆ, ಹಣ್ಣಿನ ತೇವ ಸುತ್ತಲಿನ ಕೇಕಿಗೂ ಹರಡಿ, ಹೋಳುಗಳು ಪುಡಿಯಾಗದೆ ಬರುತ್ತವೆ.