ಒಂದು ಹಿಡಿ ಕಡಲೆಬೀಜಕ್ಕೆ ಎಷ್ಟು ಪಾಯಿಂಟ್?

ಒಂದು ಹಿಡಿ ಹುರಿದ ಕಡಲೆಬೀಜ ತಗೊಳ್ಳಿ. ಸುಮಾರು 30 ಗ್ರಾಂ. ಪಕ್ಕದಲ್ಲಿ 355 ಮಿಲಿಯ ಒಂದು ಕ್ಯಾನ್ ಸಿಹಿ ಕೋಲಾ ಇಡಿ. ಬೀಜದಲ್ಲಿ ಹೆಚ್ಚುಕಡಿಮೆ 170 ಕ್ಯಾಲೊರಿ, ಕೋಲಾದಲ್ಲಿ 140. ತೂಕ ಇಳಿಸಲು ಹೊರಟವರು ಯಾವುದನ್ನು ಬಿಡಬೇಕು? ಬರೀ ಕ್ಯಾಲೊರಿ ನೋಡಿದರೆ ಕೋಲಾನೇ ವಾಸಿ. ಆದರೆ ಬೀಜ ತಿಂದರೆ ಊಟದ ಹೊತ್ತಿನವರೆಗೆ ತಡೆಯುತ್ತದೆ, ಕೋಲಾಗೆ ಆ ಗುಣ ಇಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ?

ಇಂಥ ಕಡೆ ದಾರಿ ತೋರಿಸುತ್ತೇವೆ ಅನ್ನುವುದೇ ಪಾಯಿಂಟ್ ಪದ್ಧತಿ. ಅಮೆರಿಕದ ವೇಟ್ ವಾಚರ್ಸ್ ಕಂಪನಿ 1997ರಲ್ಲಿ ಅಲ್ಲಿ ಇದನ್ನು ತಂದಿತು. ಪ್ರತಿ ತಿನಿಸಿಗೂ ಒಂದು ಅಂಕ, ಪ್ರತಿಯೊಬ್ಬರಿಗೂ ದಿನಕ್ಕೆ ಇಷ್ಟು ಅಂಕ ಅಂತ ಮಿತಿ. ಆಗಿನ ಸೂತ್ರ ಸರಳವಾಗಿತ್ತು. ಕ್ಯಾಲೊರಿಯನ್ನು 50ರಿಂದ ಭಾಗಿಸಿ. ಕೊಬ್ಬಿನ ಗ್ರಾಂಗಳನ್ನು 12ರಿಂದ ಭಾಗಿಸಿ ಅದಕ್ಕೆ ಕೂಡಿಸಿ. ನಾರಿನ ಗ್ರಾಂಗಳನ್ನು 5ರಿಂದ ಭಾಗಿಸಿ ಅದರಲ್ಲಿ ಕಳೆಯಿರಿ. ನಾರು ಎಷ್ಟೇ ಇದ್ದರೂ 4 ಗ್ರಾಂವರೆಗೆ ಮಾತ್ರ ಲೆಕ್ಕ.

ನಮ್ಮ ಕಡಲೆಬೀಜಕ್ಕೆ ಹಾಕಿ ನೋಡೋಣ. ಕ್ಯಾಲೊರಿಯಿಂದ 3.4. ಕೊಬ್ಬು 14 ಗ್ರಾಂ ಚಿಲ್ಲರೆ, ಅದಕ್ಕೆ 1.2. ನಾರಿಗೆ ಅರ್ಧ ಕಳೆದರೆ ಸುಮಾರು 4 ಪಾಯಿಂಟ್. ಕೋಲಾದಲ್ಲಿ ಕೊಬ್ಬೂ ಇಲ್ಲ, ನಾರೂ ಇಲ್ಲ. 140ನ್ನು 50ರಿಂದ ಭಾಗಿಸಿದರೆ 2.8, ಅಂದರೆ 3 ಪಾಯಿಂಟ್. ಇಲ್ಲೂ ಕೋಲಾನೇ ಗೆದ್ದಿತು! ಕೊಬ್ಬು ಅಂದರೆ ಜನ ಹೆದರುತ್ತಿದ್ದ ಕಾಲ ಅದು. ಆ ಹೆದರಿಕೆ ಸೂತ್ರದೊಳಗೂ ಕೂತಿತ್ತು.

2010ರ ಕೊನೆಗೆ ಸೂತ್ರ ಬದಲಾಯಿತು, ಹಣ್ಣಿಗೆ ಸೊನ್ನೆ ಪಾಯಿಂಟ್ ಆಯಿತು. 2015ರ ಕೊನೆಗೆ ಮತ್ತೆ ಬದಲಾಯಿತು. ಈ ಸಲ ಸಕ್ಕರೆಗೆ ಮತ್ತು ಸ್ಯಾಚುರೇಟೆಡ್ ಕೊಬ್ಬಿಗೆ (ಬೆಣ್ಣೆ, ತುಪ್ಪದಲ್ಲಿ ಹೆಚ್ಚಾಗಿರುವ ಬಗೆ) ಅಂಕ ಏರಿತು, ಪ್ರೋಟೀನ್‌ಗೆ ಇಳಿಯಿತು. ಆ ಸೂತ್ರದಲ್ಲಿ ಅದೇ ಕೋಲಾಗೆ ಸುಮಾರು 9, ಅದೇ ಹಿಡಿ ಕಡಲೆಬೀಜಕ್ಕೆ ಸುಮಾರು 5. ಬೀಜವೂ ಅದೇ, ಕೋಲಾವೂ ಅದೇ. ಬದಲಾಗಿದ್ದು ಲೆಕ್ಕ ಹಾಕುವವರ ಅಭಿಪ್ರಾಯ. ನನ್ನ ಪ್ರಕಾರ ಎರಡನೆಯ ಅಭಿಪ್ರಾಯ ಮೊದಲನೆಯದಕ್ಕಿಂತ ಎಷ್ಟೋ ಮೇಲು. ಆದರೂ ಅದು ಅಭಿಪ್ರಾಯವೇ. ಕ್ಯಾಲೊರಿ ಅಳತೆ ಹೇಳುತ್ತದೆ, ಪಾಯಿಂಟ್ ಸಲಹೆ ಕೊಡುತ್ತದೆ. ಪಾಯಿಂಟ್ ಎಣಿಸುವವರು ಈ ವ್ಯತ್ಯಾಸ ಮರೆಯಬಾರದು.

ಹಾಗಾದರೆ ಕ್ಯಾಲೊರಿ ಪಕ್ಕಾ ಲೆಕ್ಕವೇ? ಅದೂ ಅಂದಾಜೇ. 1890ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ವಿಜ್ಞಾನಿ ಒಂದು ಪುಟ್ಟ ಮುಚ್ಚಿದ ಕೋಣೆ ಕಟ್ಟಿಸಿದರು. ಅದರೊಳಗೆ ಒಬ್ಬ ಮನುಷ್ಯ ದಿನಗಟ್ಟಲೆ ಇರಬೇಕು. ಒಳಗೆ ಹೋದ ಊಟ, ಹೊರಬಂದ ಮಲಮೂತ್ರ, ಮೈಯಿಂದ ಹೊರಟ ಬಿಸಿ, ಎಲ್ಲವನ್ನೂ ಅಳೆದರು. ಊಟದಲ್ಲಿ ಮೈಗೆ ಹತ್ತುವುದೆಷ್ಟು ಎಂದು ಅವರ ಬಳಗ ಹಾಕಿದ ಲೆಕ್ಕದಿಂದ ಬಂದಿದ್ದೇ ಇವತ್ತಿಗೂ ಪೊಟ್ಟಣಗಳ ಮೇಲಿರುವ ಅಂಕಿಗಳ ಬುನಾದಿ. ಒಂದು ಗ್ರಾಂ ಪ್ರೋಟೀನ್‌ಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟ್‌ಗೆ 4 ಕ್ಯಾಲೊರಿ.

ಆದರೆ ಇವು ಸರಾಸರಿ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಬಾದಾಮಿಯನ್ನು ಜನರಿಗೆ ತಿನ್ನಿಸಿ ನೋಡಿದರು. 28 ಗ್ರಾಂ ಬಾದಾಮಿಗೆ ಹಳೆ ಲೆಕ್ಕದಲ್ಲಿ ಸುಮಾರು 170 ಕ್ಯಾಲೊರಿ. ಮೈಗೆ ಸಿಕ್ಕಿದ್ದು 129 ಮಾತ್ರ. ಬೀಜವನ್ನು ಎಷ್ಟೇ ಅಗಿದರೂ ಒಳಗಿನ ಜೀವಕೋಶಗಳ ಗೋಡೆ ಪೂರ್ತಿ ಒಡೆಯುವುದಿಲ್ಲ. ಅದರಲ್ಲಿ ಸಿಕ್ಕಿಕೊಂಡ ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ಕಡಲೆಬೀಜದ ಕಥೆಯೂ ಇದೇ. ಇಡೀ ಬೀಜ ತಿಂದಾಗ ಹೊರಹೋಗುವ ಕೊಬ್ಬು, ಅದನ್ನೇ ನುಣ್ಣಗೆ ಅರೆದು ಬೆಣ್ಣೆ ಮಾಡಿ ತಿಂದಾಗಿನದಕ್ಕಿಂತ ಜಾಸ್ತಿ. ಅಂದರೆ ನಮ್ಮ ಹಿಡಿ ಬೀಜದ 170 ಕೂಡ ನಿಜಕ್ಕೆ ಅಷ್ಟಿಲ್ಲ. ಕೋಲಾದ ಸಕ್ಕರೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ.

ಇನ್ನು, ಯಾವುದರಿಂದ ತೂಕ ಇಳಿಯುತ್ತದೆ? 2005ರಲ್ಲಿ ಬಾಸ್ಟನ್‌ನಲ್ಲಿ 160 ಜನರನ್ನು ನಾಲ್ಕು ಬೇರೆ ಬೇರೆ ಪಥ್ಯಗಳಿಗೆ ಹಂಚಿ ಒಂದು ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಪಾಯಿಂಟ್ ಪದ್ಧತಿಯೂ ಅದರಲ್ಲಿ ಒಂದು. ನಾಲ್ಕರಲ್ಲೂ ಸರಾಸರಿ ಇಳಿದದ್ದು 2ರಿಂದ 3 ಕಿಲೋ ಚಿಲ್ಲರೆ. ಯಾವ ಪಥ್ಯ ಅನ್ನುವುದಕ್ಕಿಂತ ಯಾರು ಬಿಡದೆ ಪಾಲಿಸಿದರು ಅನ್ನುವುದೇ ಮುಖ್ಯವಾಯಿತು. ಈ ಕಂಪನಿಯ ಹುಟ್ಟೂ ಅದನ್ನೇ ಹೇಳುತ್ತದೆ. 1961ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಜೀನ್ ನಿಡೆಚ್ ಎಂಬ ಗೃಹಿಣಿ ಆರು ಗೆಳತಿಯರನ್ನು ಮನೆಗೆ ಕರೆದು, ತಿನ್ನುವ ಚಟದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು. ಕಂಪನಿ ಆಗಿದ್ದು 1963ರಲ್ಲಿ. ಪಾಯಿಂಟ್ ಬಂದಿದ್ದು ಅದಾಗಿ ಮೂರು ದಶಕ ಕಳೆದ ಮೇಲೆ. ಜೊತೆಗೆ ಕೂತು ಮಾತಾಡುವ ನಾಲ್ಕು ಜನ ಇದ್ದದ್ದೇ ದೊಡ್ಡ ಬಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ನಮ್ಮ ಅಡುಗೆಮನೆಯಲ್ಲಿ ಕಷ್ಟ ಬೇರೆಯದು. ಪೊಟ್ಟಣ ತಿರುಗಿಸಿ ಅಂಕಿ ಓದಲು ಹುಳಿಗೆ ಪೊಟ್ಟಣ ಎಲ್ಲಿದೆ? ಒಂದೇ ಪಾತ್ರೆಯಿಂದ ನಾಲ್ಕು ಜನ ಬಡಿಸಿಕೊಳ್ಳುತ್ತೇವೆ. ಮುದ್ದೆಯನ್ನು ತೂಗಿದರೆ ಅದರಲ್ಲಿ ನೀರೇ ಜಾಸ್ತಿ. ಹಾಗಾಗಿ ಬೇಯಿಸುವ ಮೊದಲೇ ಹಿಟ್ಟು ತೂಗಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಪಟ್ಟಿಯಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ವಿವರ ಇದೆ.

ಎಣ್ಣೆಯನ್ನಂತೂ ಒಂದು ಸಲ ಅಳೆದೇ ನೋಡಬೇಕು. 15 ಮಿಲಿಯ ದೊಡ್ಡ ಚಮಚದಲ್ಲಿ 120 ಕ್ಯಾಲೊರಿ. ಒಗ್ಗರಣೆಗೆ ಸುಮ್ನೆ ಡಬ್ಬ ಬಗ್ಗಿಸಿದಾಗ ಬೀಳುವುದನ್ನು ಬಾಣಲೆಗೆ ಬಿಡುವ ಬದಲು ಚಮಚಕ್ಕೆ ಬಿಟ್ಟು ಎಣಿಸಿ. ಮೂರು ಚಮಚ ಬಿದ್ದರೆ ಅದು ಒಂದು ದೊಡ್ಡ ಮುದ್ದೆಯಷ್ಟು ಕ್ಯಾಲೊರಿ. ಯಾವ ರುಚಿಯೂ ಗೊತ್ತಾಗದೆ ಒಳಗೆ ಹೋಗುವಂಥದ್ದು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಊಟಕ್ಕೆ ಕತ್ತರಿ ಹಾಕಬೇಡಿ. ಎಣಿಸುತ್ತಾ ಎಣಿಸುತ್ತಾ ಊಟ ಅಂದರೇ ಭಯ ಶುರುವಾದರೆ, ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಉಳಿದವರಿಗೆ ಎರಡು ಮೂರು ವಾರ ಕ್ಯಾಲೊರಿ ಬರೆದಿಟ್ಟರೆ ಸಾಕು ಅಂತ ನನ್ನ ಅನಿಸಿಕೆ. 30 ಗ್ರಾಂ ಕಡಲೆಬೀಜವನ್ನು ತೂಗಿ ಅಂಗೈಗೆ ಹಾಕಿಕೊಳ್ಳಿ. ನಾಲ್ಕು ದಿನ ಹೀಗೆ ಮಾಡಿದರೆ ಐದನೆಯ ದಿನ ತಕ್ಕಡಿ ಬೇಕಾಗುವುದಿಲ್ಲ. ಕೈಗೇ ಅಂದಾಜು ಸಿಕ್ಕಿರುತ್ತದೆ.