ಸುಳ್ಳು ಹೇಳಿದ್ದಕ್ಕೆ ತಪ್ಪುಕಾಣಿಕೆ ಕಟ್ಟಬೇಕಾ?

ಪ್ರಶ್ನೆ: ವಿಜಯನಗರದಲ್ಲಿ ಹುಡುಗಿಯರ ಪಿ.ಜಿ. ನಡೆಸುತ್ತಿದ್ದೇನೆ. ಎರಡು ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗ್ತೀನಿ ಅಂದಿದ್ದಕ್ಕೆ ಮನೆಯಲ್ಲಿ ಹೊಡೆತ ತಿಂದು ಬಂದವಳು. ಮೊನ್ನೆ ಮಧ್ಯಾಹ್ನ ನಾಲ್ವರು ಗಂಡಸರು ಕಾರಿನಲ್ಲಿ ಬಂದು, ಫೋನಿನಲ್ಲಿ ಫೋಟೊ ತೋರಿಸಿ, ‘ಇವಳು ಇಲ್ಲಿದಾಳಾ?’ ಎಂದು ಕೇಳಿದರು. ಅವಳು ಮಹಡಿ ಮೇಲೇ ಇದ್ದಳು. ನಾನು, ‘ಹೋದ ವಾರಾನೇ ಖಾಲಿ ಮಾಡಿದ್ಲು, ಹೈದರಾಬಾದಿಗೆ ಹೋಗ್ತೀನಿ ಅಂತಿದ್ಲು’ ಅಂದುಬಿಟ್ಟೆ. ಅವರು ಹೋದರು. ಈಗ ನಮ್ಮ ಅತ್ತೆ, ‘ಹೊಸಿಲ ಮೇಲೆ ನಿಂತು ಸುಳ್ಳು ಹೇಳಿದೀಯ, ದೇವರಿಗೆ ತಪ್ಪುಕಾಣಿಕೆ ಕಟ್ಟು’ ಅಂತಿದಾರೆ. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದು ಬೇಡ. (ಪತ್ರದಲ್ಲಿದ್ದ ಬಡಾವಣೆ, ಊರು ಎರಡನ್ನೂ ಬದಲಿಸಿದ್ದೇನೆ. ಲೆಕ್ಕಕ್ಕೆ ಅದೂ ಸುಳ್ಳೇ.)

ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ. ಕುಡಿದು ಬಂದ ಗಂಡನಿಗೆ ಹೆದರಿ ಪಕ್ಕದ ಮನೆಯಾಕೆ ನಮ್ಮ ಬಚ್ಚಲುಮನೆಯಲ್ಲಿ ಅವಿತಿದ್ದಳು, ‘ಇಲ್ಲಿ ಬಂದಿಲ್ಲ’ ಅಂದೆ, ಸರಿಯಾ? ಹೀಗೆ ಬೇರೆ ಬೇರೆ ವೇಷದಲ್ಲಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಗಮನಿಸಿದ್ದೀರಾ, ಕೇಳುವವರೆಲ್ಲ ಮಾಡಬೇಕಾದ್ದನ್ನು ಆಗಲೇ ಮಾಡಿ ಮುಗಿಸಿರುತ್ತಾರೆ. ಆಮೇಲೆ ಮನಸ್ಸು ಚುಚ್ಚುತ್ತದೆ.

ಚುಚ್ಚದೆ ಇನ್ನೇನು? ನಮಗೆ ಸತ್ಯದ ಪಾಠ ಶುರುವಾದದ್ದೇ ಪುಣ್ಯಕೋಟಿಯಿಂದ. ಆಡಿದ ಮಾತಿಗೆ ತಪ್ಪದೆ ಹುಲಿಯ ಮುಂದೆ ಬಂದು ನಿಂತ ಹಸುವಿಗಾಗಿ ಕ್ಲಾಸಿನಲ್ಲಿ ಕೂತು ಅತ್ತವರು ನಾವು. ಆದರೆ ಆ ಕಥೆಯನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ಪುಣ್ಯಕೋಟಿ ಸತ್ಯಕ್ಕೆ ಒಡ್ಡಿದ್ದು ತನ್ನ ಜೀವವನ್ನು. ‘ನಿನ್ನ ಕರುವನ್ನು ಎಲ್ಲಿ ಕಟ್ಟಿದ್ದೀಯೆ, ದಾರಿ ಹೇಳು’ ಎಂದು ಹುಲಿ ಕೇಳಲೇ ಇಲ್ಲ. ಕೇಳಿದ್ದರೆ ಆ ಹಸು ದಾರಿ ಹೇಳುತ್ತಿತ್ತು ಎಂದು ನನಗಂತೂ ಅನ್ನಿಸುವುದಿಲ್ಲ. ಹರಿಶ್ಚಂದ್ರನ ಕಥೆಯಲ್ಲಿ ನನಗೆ ಮೊದಲಿಂದಲೂ ತಕರಾರಿರುವುದು ಇಲ್ಲೇ. ರಾಜ್ಯ ಬಿಟ್ಟ, ತನ್ನನ್ನೇ ಮಾರಿಕೊಂಡ, ದೊಡ್ಡದು. ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರಿದನಲ್ಲ, ಆ ಮಗುವನ್ನು ಯಾರು ಕೇಳಿದ್ದರು?

ನಿಮ್ಮ ಹೊಸಿಲಲ್ಲಿ ಅವತ್ತು ಪಣಕ್ಕಿದ್ದದ್ದು ನಿಮ್ಮ ತಲೆಯಲ್ಲ, ಮಹಡಿ ಮೇಲಿದ್ದವಳದು. ನೀವು ನಿಜ ಹೇಳಿದ್ದರೆ ಅದರ ಬೆಲೆಯನ್ನು ಅವಳು ಕೊಡಬೇಕಿತ್ತು.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಒಬ್ಬ ಕೌಶಿಕನ ಕಥೆ ಹೇಳುತ್ತಾನೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುತ್ತೇನೆಂಬ ಹಳೆಯ ಪ್ರತಿಜ್ಞೆ ನೆನಪಿಸಿಕೊಂಡು ಅರ್ಜುನ ಅಣ್ಣ ಧರ್ಮರಾಯನ ಮೇಲೇ ಕತ್ತಿ ಹಿರಿದ ಹೊತ್ತು ಅದು. ಸತ್ಯವನ್ನೇ ನುಡಿಯುವ ವ್ರತ ಹಿಡಿದ ಕೌಶಿಕ ಊರಾಚೆ, ನದಿಗಳು ಕೂಡುವಲ್ಲಿ ತಪಸ್ಸು ಮಾಡಿಕೊಂಡಿರುತ್ತಾನೆ. ದರೋಡೆಕೋರರಿಗೆ ಹೆದರಿ ಒಂದಷ್ಟು ಜನ ಕಾಡು ಹೊಗುತ್ತಾರೆ. ಹಿಂದೆಯೇ ಬಂದ ದರೋಡೆಕೋರರು, ‘ಯಾವ ಕಡೆ ಹೋದರು?’ ಎಂದು ಕೇಳುತ್ತಾರೆ. ಕೌಶಿಕ ತೋರಿಸುತ್ತಾನೆ. ಅಷ್ಟೂ ಜನ ಸಾಯುತ್ತಾರೆ, ಕೌಶಿಕ ನರಕಕ್ಕೆ ಹೋಗುತ್ತಾನೆ. ನಿಮ್ಮ ಅತ್ತೆಯವರಿಗೆ ಈ ಕಥೆ ಹೇಳಿ. ನಿಜ ಹೇಳಿ ನರಕಕ್ಕೆ ಹೋದವನೂ ಒಬ್ಬನಿದ್ದಾನೆ.

‘ಸುಮ್ಮನಿದ್ದಿದ್ದರೆ ಆಗ್ತಿರಲಿಲ್ವಾ’ ಎಂದು ಕೇಳುವವರಿರುತ್ತಾರೆ. ಶಾಂತಿಪರ್ವದಲ್ಲಿ ಭೀಷ್ಮ ಇದನ್ನೂ ಯೋಚಿಸಿ ಇಟ್ಟಿದ್ದಾನೆ. ಬಾಯಿ ಬಿಡದೆ ಪಾರಾಗುವಂತಿದ್ದರೆ ಬಾಯಿ ಬಿಡಲೇಬೇಡ. ಮಾತಾಡಲೇಬೇಕಾಗಿ ಬಂದರೆ, ಅಥವಾ ಸುಮ್ಮನಿದ್ದರೆ ಅನುಮಾನ ಬರುವಂತಿದ್ದರೆ, ಅಲ್ಲಿ ಸತ್ಯಕ್ಕಿಂತ ಸುಳ್ಳೇ ಮೇಲು. ಆ ‘ಅನುಮಾನ’ ಎಂಬ ಮಾತು ನಮ್ಮ ಬೆಂಗಳೂರಿನ ಗೇಟುಗಳಿಗೇ ಬರೆದ ಹಾಗಿದೆ. ಕೊರಿಯರ್ ಹುಡುಗ ಬಂದಾಗ ‘ಇದಾಳೆ, ಮೂರನೇ ಮಹಡಿ’ ಎನ್ನುವ ಪಿ.ಜಿ.ಯಲ್ಲಿ, ಆ ನಾಲ್ವರಿಗೆ ಮಾತ್ರ ‘ಹೇಳಲ್ಲ’ ಎಂದರೆ ಅವಳು ಒಳಗಿದ್ದಾಳೆ ಎಂದೇ ಅರ್ಥ.

ಹಾಗಾಗಿ ಮುಂದಿನ ಸಲಕ್ಕೆ ಒಂದು ಉಪಾಯ. ಇವತ್ತಿಂದಲೇ, ಯಾರು ಬಂದರೂ, ಕೊರಿಯರ್‌ನವರೇ ಇರಲಿ, ಹುಡುಗಿಯರ ಚಿಕ್ಕಪ್ಪನೇ ಇರಲಿ, ‘ನಮ್ಮಲ್ಲಿ ಯಾರಿದಾರೆ ಯಾರಿಲ್ಲ ಅಂತ ಯಾರಿಗೂ ಹೇಳಲ್ಲ, ನಿಮ್ಮ ಹೆಸರು ನಂಬರ್ ಬರೆದಿಟ್ಟು ಹೋಗಿ’ ಎನ್ನಿ. ದಿನಾ ಎಲ್ಲರಿಗೂ ಅದೇ ಉತ್ತರವಾದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ನೀವು ಸುಳ್ಳು ಹೇಳುವ ಪ್ರಮೇಯವೂ ಬರುವುದಿಲ್ಲ. ಬಂದವರು ನಿಜಕ್ಕೂ ಕಂಗಾಲಾದ ಅಪ್ಪನೇ ಆಗಿದ್ದರೆ, ಆ ನಂಬರಿಗೆ ಫೋನ್ ಮಾಡಬೇಕೋ ಬೇಡವೋ ಎಂದು ಹುಡುಗಿಯೇ ತೀರ್ಮಾನಿಸಲಿ. ಬಂದ ವಿಷಯವನ್ನಂತೂ ಅವಳಿಂದ ಮುಚ್ಚಿಡಬೇಡಿ. ‘ಪಾಪ, ಹೆದರ್ಕೊತಾಳೆ’ ಎಂದು ಅವಳಿಗೇ ಸುಳ್ಳು ಹೇಳಿದರೆ ಅದು ಬೇರೆಯೇ ಜಾತಿಯ ಸುಳ್ಳು. ಅಟ್ಟಿಸಿಕೊಂಡು ಬಂದವರಿಗೆ ಹೇಳುವುದಕ್ಕೂ ಕಾಪಾಡಬೇಕಾದವಳಿಗೇ ಹೇಳುವುದಕ್ಕೂ ‘ಒಳ್ಳೇದಕ್ಕೇ ಹೇಳಿದ್ದು’ ಎಂಬ ಒಂದೇ ಹೊದಿಕೆ ಹೊದಿಸುವುದು ನಮ್ಮ ಮನೆಗಳ ಹಳೇ ಚಾಳಿ.

ಅಡುಗೆಯವರು, ವಾಚ್‌ಮನ್ ಬಾಯಲ್ಲೂ ಸುಳ್ಳು ಹೇಳಿಸಬೇಡಿ. ಜೈನ ಆಚಾರ್ಯ ಸಮಂತಭದ್ರರು ಗೃಹಸ್ಥರ ಸತ್ಯವ್ರತವನ್ನು ವಿವರಿಸುವ ಶ್ಲೋಕವೊಂದು ನನಗೆ ಬಹಳ ಇಷ್ಟ: ದೊಡ್ಡ ಸುಳ್ಳನ್ನು ತಾನು ಹೇಳಬಾರದು, ಇನ್ನೊಬ್ಬರಿಂದ ಹೇಳಿಸಬಾರದು, ಆಪತ್ತು ತರುವಂಥ ಸತ್ಯವನ್ನೂ ಹೇಳಬಾರದು. ಸತ್ಯವ್ರತದ ಲಕ್ಷಣದೊಳಗೇ ಈ ಮೂರನೆಯದನ್ನು ಸೇರಿಸಿದ್ದಾರೆ ನೋಡಿ. ‘ನಂಗೊತ್ತಿಲ್ಲ, ಆಂಟೀನ ಕೇಳಿ’ ಅಂತಲೂ ಅಡುಗೆಯವರಿಗೆ ಹೇಳಿಕೊಡಬೇಡಿ, ಗೊತ್ತಿರುತ್ತದಲ್ಲ. ‘ಆಂಟೀನ ಕೇಳಿ’ ಅಷ್ಟೇ ಸಾಕು. ಭಾರ ನಿಮ್ಮ ಮೇಲಿರಲಿ. ಹಲಸೂರು ಕೆರೆಯ ಹತ್ತಿರ, ವರ್ಷಗಟ್ಟಲೆ ಮುಸುಕು ಹೊದ್ದು ನಿಂತಿದ್ದು 2009ರಲ್ಲಿ ಅನಾವರಣಗೊಂಡ ಪ್ರತಿಮೆ ಇದೆಯಲ್ಲ, ಆ ತಿರುವಳ್ಳುವರ್ ಕೂಡ ಹೇಳಿದ್ದು ಇದನ್ನೇ: ಕಳಂಕವಿಲ್ಲದ ಒಳಿತು ತರುವುದಾದರೆ ಸುಳ್ಳಿಗೂ ಸತ್ಯದ ಸ್ಥಾನವೇ.

ಒಪ್ಪದವರೂ ಇದ್ದಾರೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಪುಟ್ಟ ಲೇಖನದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿಮ್ಮ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೂ ಸುಳ್ಳು ಹೇಳಬಾರದು ಎನ್ನುತ್ತಾನೆ. ನೀವು ‘ಇಲ್ಲ’ ಎಂದಿರಿ, ಅಷ್ಟರಲ್ಲಿ ಗೆಳೆಯ ನಿಮಗೇ ಗೊತ್ತಿಲ್ಲದೆ ಹೊರಗೆ ಹೋಗಿದ್ದ, ಹಿಂತಿರುಗುತ್ತಿದ್ದ ಕೊಲೆಗಾರನಿಗೆ ದಾರಿಯಲ್ಲಿ ಸಿಕ್ಕಿಬಿದ್ದ. ಆಗ ಹೊಣೆ ನಿಮ್ಮದೇ ಎಂಬುದು ಅವನ ವಾದ. ಎಲ್ಲರೂ ಸುಳ್ಳಾಡಿದರೆ ಮಾತಿಗೇ ಬೆಲೆ ಇರುವುದಿಲ್ಲ ಎಂಬ ಭಯವೂ ಅದರ ಹಿಂದಿದೆ. ಭಯವನ್ನು ನಾನು ಒಪ್ಪುತ್ತೇನೆ, ತೀರ್ಪನ್ನು ಒಪ್ಪುವುದಿಲ್ಲ. ಅವತ್ತಿನ ಮೇಲೆ ನಿಮ್ಮ ಪಿ.ಜಿ.ಯ ಹುಡುಗಿಯರಿಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಕಡಿಮೆಯಾಗಿದೆಯೇ? ಅವರನ್ನೇ ಕೇಳಿ.

ಸಂತ ಅಗಸ್ಟೀನ್ ಹೇಳುವ ಒಂದು ಘಟನೆ ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತದೆ. ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಊರಿನಲ್ಲಿ ಫಿರ್ಮುಸ್ ಎಂಬ ಬಿಷಪ್, ತಮ್ಮಲ್ಲಿ ಆಶ್ರಯ ಕೇಳಿ ಬಂದ ಮನುಷ್ಯನೊಬ್ಬನನ್ನು ಬಚ್ಚಿಟ್ಟಿದ್ದರು. ಚಕ್ರವರ್ತಿಯ ಕಡೆಯವರು ಬಂದು ಕೇಳಿದಾಗ, ‘ಸುಳ್ಳೂ ಹೇಳಲಾರೆ, ಅವನನ್ನು ಹಿಡಿದೂ ಕೊಡಲಾರೆ’ ಎಂದರಂತೆ. ಚಿತ್ರಹಿಂಸೆ ಕೊಟ್ಟರೂ ಬಾಯಿ ಬಿಡಲಿಲ್ಲ. ಕೊನೆಗೆ ಚಕ್ರವರ್ತಿಯೇ ಮೆಚ್ಚಿ ಆ ಮನುಷ್ಯನನ್ನು ಕ್ಷಮಿಸಿದ. ಸತ್ಯವೂ ಉಳಿಯಿತು, ಜೀವವೂ ಉಳಿಯಿತು. ಪುಣ್ಯಕೋಟಿಯ ಹಾಗೆ ಫಿರ್ಮುಸ್ ಕೂಡ ಒಡ್ಡಿದ್ದು ತಮ್ಮ ಮೈಯನ್ನೇ. ನೀವೂ ಹಾಗೇ ಮಾಡಬೇಕಿತ್ತು ಎಂದು ನಾನಂತೂ ಹೇಳಲಾರೆ. ಆ ನಾಲ್ವರು ನಿಮ್ಮನ್ನು ಪಕ್ಕಕ್ಕೆ ತಳ್ಳಿ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು, ಮೆಚ್ಚಿ ಕ್ಷಮಿಸುವ ಚಕ್ರವರ್ತಿ ಆ ಕಾರಿನಲ್ಲಿ ಇರಲಿಲ್ಲ.

ಕಾನೂನಿನ ಮಾತು ಚುಟುಕಾಗಿ. ಯಾರೋ ಖಾಸಗಿ ಜನ ಬಂದು ಕೇಳಿದರೆ ನಿಜ ಹೇಳಲೇಬೇಕೆಂಬ ಕಾನೂನಿಲ್ಲ. ಪೊಲೀಸರು ಬಂದರೆ ಮಾತ್ರ ಹೈದರಾಬಾದ್ ಕಥೆ ಬೇಡ. ಮಾಹಿತಿ ಕೊಡುವ ಬಾಧ್ಯತೆ ಇದ್ದಾಗ ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ಕೊಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ಅಲ್ಲಿ ಸುಳ್ಳಿನ ಅಗತ್ಯವೂ ಇಲ್ಲ. ಅವಳಿಗೆ 18 ತುಂಬಿದ್ದರೆ, ‘ನಾನೇ ಇಷ್ಟಪಟ್ಟು ಬಂದಿದ್ದೇನೆ, ಮನೆಯವರಿಂದ ಜೀವಭಯವಿದೆ’ ಎಂದು ಅವಳೇ ಹೇಳಿಕೆ ಕೊಡಬಹುದು. ಪ್ರಾಪ್ತ ವಯಸ್ಸಿನ ಇಬ್ಬರ ಮದುವೆಗೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ, ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕೆಂದೂ ನಿರ್ದೇಶಿಸಿದೆ. ಆಧಾರ್ ಪ್ರತಿ ತೆಗೆದು ವಯಸ್ಸು ನೋಡಿಕೊಳ್ಳಿ. 18 ಆಗಿಲ್ಲದಿದ್ದರೆ ಬಚ್ಚಿಡುವ ಕೆಲಸ ನಿಮ್ಮದಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ. ಆಗಿದ್ದರೆ ಮಹಿಳಾ ಸಹಾಯವಾಣಿ 181. ಕಾರು ಮತ್ತೆ ಬಂದರೆ ಯೋಚನೆ ಮಾಡುತ್ತ ನಿಲ್ಲಬೇಡಿ, 112.

ಇನ್ನು ಅತ್ತೆಯವರ ತಪ್ಪುಕಾಣಿಕೆ. ನನಗೆ ಹೊಳೆದದ್ದನ್ನು ಹೇಳಿದರೆ ನೀವು ನಗಬಹುದು, ಆದರೆ ಅತ್ತೆಯವರು ಪೂರ್ತಿ ತಪ್ಪಲ್ಲ. ಮನುಸ್ಮೃತಿಯ ಮೇಲೆ ನನಗೆ ಪ್ರೀತಿಯೇನಿಲ್ಲ, ಜಾತಿ ನೋಡಿ ಶಿಕ್ಷೆ ಅಳೆಯುವ ಗ್ರಂಥ. ಆದರೂ ಅದರ ಎಂಟನೇ ಅಧ್ಯಾಯದಲ್ಲಿ, ಸತ್ಯ ನುಡಿದರೆ ಒಂದು ಜೀವ ಹೋಗುತ್ತದೆ ಎನ್ನುವಲ್ಲಿ ಸಾಕ್ಷಿಯಾದವನು ಸುಳ್ಳು ಹೇಳಬಹುದು, ಅಲ್ಲಿ ಅದು ಸತ್ಯಕ್ಕಿಂತ ಮೇಲು ಎಂದಿದೆ. ಆ ಜೀವ ಶೂದ್ರನದಾದರೂ ಬ್ರಾಹ್ಮಣನದಾದರೂ ಸರಿ. (ಇವತ್ತಿನ ಕೋರ್ಟಿನಲ್ಲಿ ಇದನ್ನು ನಂಬಿ ಹೋಗಬೇಡಿ, ಸುಳ್ಳು ಸಾಕ್ಷಿಗೆ 7 ವರ್ಷದವರೆಗೆ ಜೈಲಿದೆ.) ಅಷ್ಟಕ್ಕೇ ಬಿಡದೆ ಮುಂದಿನ ಶ್ಲೋಕದಲ್ಲೇ ಇನ್ನೊಂದು ಮಾತಿದೆ: ಹಾಗೆ ಸುಳ್ಳಾಡಿದವರು ಮಾತಿನ ದೇವತೆ ಸರಸ್ವತಿಗೆ ಚರು ಅರ್ಪಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಮಾಡಿದ್ದು ಸರಿ, ಆದರೂ ನಾಲಗೆ ಮೇಲೆ ಒಂದು ಕರೆ ಉಳಿದಿದೆ, ತೊಳೆದುಕೋ ಎಂದ ಹಾಗೆ.

ಚರು ಎಂದರೆ ಹಾಲು ತುಪ್ಪದಲ್ಲಿ ಬೇಯಿಸಿದ ಅನ್ನ. ಶುಕ್ರವಾರ ಒಂದು ಪಾತ್ರೆ ಸಿಹಿಪೊಂಗಲ್ ಮಾಡಿ, ಅತ್ತೆಯವರ ಕೈಲೇ ನೈವೇದ್ಯ ಮಾಡಿಸಿ, ಮಹಡಿ ಮೇಲಕ್ಕೂ ಒಂದು ಬಟ್ಟಲು ಕಳಿಸಿ. ದೇವಸ್ಥಾನಕ್ಕೆ ಹೋಗಿ ಕಾಣಿಕೆಯನ್ನೂ ಹಾಕಿ ಬನ್ನಿ. ಯಾವ ತಪ್ಪಿಗೆ ಎಂದು ಅರ್ಚಕರು ಕೇಳಿದರೆ ಮಾತ್ರ ವಿವರ ಹೇಳಲು ಹೋಗಬೇಡಿ.