ಕಣ್ಣು 6/6 ಇದ್ದರೂ ಬೋರ್ಡ್ ನೋಡಿ ಬರೆಯುವುದು ಯಾಕೆ ನಿಧಾನ?

ಪ್ರಶ್ನೆ: ಮಗಳಿಗೆ 7 ವರ್ಷ, 2ನೇ ಕ್ಲಾಸು. ಕಣ್ಣು ತೋರಿಸಿದೆವು, 6/6 ಇದೆ ಎಂದರು. ಆದರೂ ಬೋರ್ಡ್ ಮೇಲಿದ್ದದ್ದನ್ನು ಅವಳು ಬರೆದು ಮುಗಿಸುವಷ್ಟರಲ್ಲಿ ಟೀಚರ್ ಒರೆಸಿಬಿಟ್ಟಿರುತ್ತಾರೆ. ಈ ವಯಸ್ಸಿಗೆ ಇದು ಸಹಜವೇ?

ಉತ್ತರ: ಬಹುಮಟ್ಟಿಗೆ ಸಹಜ. 6/6 ಅಂದರೆ ಎಷ್ಟು ಸಣ್ಣ ಅಕ್ಷರ ಕಾಣುತ್ತದೆ ಎಂಬ ಲೆಕ್ಕ. ಎಷ್ಟು ಬೇಗ ಗುರುತು ಸಿಗುತ್ತದೆ ಎಂಬುದು ಅದರಲ್ಲಿ ಬರುವುದಿಲ್ಲ. ನೋಟದ ಸ್ಪಷ್ಟತೆ 5–6 ವರ್ಷಕ್ಕೆ ಹೆಚ್ಚುಕಡಿಮೆ ದೊಡ್ಡವರಷ್ಟೇ ಆಗಿರುತ್ತದೆ. ಕಂಡದ್ದನ್ನು ಗುರುತಿಸಿ, ನೆನಪಿನಲ್ಲಿ ಹಿಡಿದು, ಕೈಗೆ ದಾಟಿಸುವ ವೇಗ ಮಾತ್ರ 10–11ರವರೆಗೆ ಭರದಿಂದ, ಆಮೇಲೆ ಮೆಲ್ಲಗೆ ಹದಿಹರೆಯದ ನಡುವಿನ ತನಕ ಏರುತ್ತಲೇ ಇರುತ್ತದೆ. ಓದುವಾಗ ದೊಡ್ಡವರ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡ್ ನಿಂತರೆ, ಓದಲು ಆಗಷ್ಟೇ ಕಲಿತ ಮಗುವಿನದು ಸುಮಾರು ಮೂರನೇ ಒಂದು ಸೆಕೆಂಡ್ ನಿಲ್ಲುತ್ತದೆ, ಹಿಂದಕ್ಕೂ ಹೆಚ್ಚು ಸಲ ಹೋಗುತ್ತದೆ.

‘ವಿದ್ಯಾರ್ಥಿ’ ಎಂಬ ಪದವನ್ನು ನೀವು ಒಂದೇ ನೋಟಕ್ಕೆ ಎತ್ತಿಕೊಳ್ಳುತ್ತೀರಿ. ಅವಳು ‘ವಿ’ ಬರೆದು ತಲೆ ಎತ್ತುತ್ತಾಳೆ, ‘ದ್ಯಾ’ ಬರೆದು ಮತ್ತೆ ಎತ್ತುತ್ತಾಳೆ, ಅರ್ಕಾವತ್ತು ಎಲ್ಲಿ ಎಂದು ಇನ್ನೊಮ್ಮೆ ನೋಡುತ್ತಾಳೆ. ಪ್ರತಿ ಸಲವೂ ಬೋರ್ಡಿನಲ್ಲಿ ಸಾಲು ಹುಡುಕಬೇಕು, ಪುಸ್ತಕದಲ್ಲಿ ಜಾಗ ಹುಡುಕಬೇಕು. ಸಮಯ ಹೋಗುವುದು ಅಲ್ಲೇ. ಒತ್ತಕ್ಷರಗಳು ಪೂರ್ತಿ ಕೈಗೆ ಹತ್ತಲು 4–5ನೇ ತರಗತಿಯವರೆಗೂ ಬೇಕಾಗುತ್ತದೆ.

ಅಡಚಣೆ ಎಲ್ಲಿದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಒಂದೇ ಪಾಠದಿಂದ ಸಮನಾದ ಎರಡು ಪ್ಯಾರಾ ಆರಿಸಿ. ಒಂದೇ ಪ್ಯಾರಾ ಎರಡು ಸಲ ಕೊಟ್ಟರೆ ಎರಡನೆಯದು ನೆನಪಿನಿಂದಲೇ ಬಂದುಬಿಡುತ್ತದೆ. ಮೊದಲನೆಯದನ್ನು ದಪ್ಪ ಅಕ್ಷರದಲ್ಲಿ ಬರೆದು 3 ಮೀಟರ್ ದೂರದ ಗೋಡೆಗೆ ಅಂಟಿಸಿ, ಎರಡನೆಯದನ್ನು ನೋಟ್‌ಬುಕ್ ಪಕ್ಕದಲ್ಲೇ ಇಡಿ. ಎರಡಕ್ಕೂ 3 ನಿಮಿಷ ಕೊಟ್ಟು, ಬರೆದ ಅಕ್ಷರ ಎಣಿಸಿ. ಬೆಳಿಗ್ಗೆ ಮಾಡಿಸಿ, ಸ್ಕೂಲಿಂದ ದಣಿದು ಬಂದಾಗ ಬೇಡ. ಪಕ್ಕದ ಹಾಳೆಯಿಂದ ಬಹಳ ಬೇಗ ಬರೆದರೆ ತೊಡಕು ತಲೆ ಎತ್ತಿ ಇಳಿಸುವುದರಲ್ಲಿದೆ. ಎರಡೂ ನಿಧಾನ, ಗಟ್ಟಿಯಾಗಿ ಓದುವುದು ಮಾತ್ರ ಸರಾಗ ಎಂದಾದರೆ ಕೈಬರಹ ನೋಡಿ. ಓದುವುದೇ ತಡವರಿಸಿದರೆ ಅಕ್ಷರ ಪರಿಚಯಕ್ಕೆ ಹಿಂತಿರುಗಿ.

ಪದವನ್ನು ಪಿಸುಮಾತಿನಲ್ಲಿ ಹೇಳಿಕೊಂಡು ಬರೆಯುವ ರೂಢಿ ಮಾಡಿಸಿ. ತಲೆ ಎತ್ತುವ ಸಲ ಕಡಿಮೆಯಾಗುತ್ತದೆ. ಹೊಸದನ್ನು ಬೋರ್ಡಿನ ಇನ್ನೊಂದು ಅರ್ಧದಲ್ಲಿ ಬರೆಯಲು ಟೀಚರನ್ನು ಕೇಳಿಕೊಳ್ಳಿ. ‘ಬೇಗ ಬೇಗ’ ಎಂದು ಅವಸರಪಡಿಸಿದರೆ ಒತ್ತುಗಳು ಬಿಟ್ಟುಹೋಗುತ್ತವೆ, ಅಷ್ಟೆ. ವೇಗ ಹೆಚ್ಚಿಸುತ್ತೇವೆ ಎನ್ನುವ ಮೊಬೈಲ್ ಆಟಗಳಿಗೆ ದುಡ್ಡು ಹಾಕಬೇಡಿ; ಮಗು ಆ ಆಟದಲ್ಲಿ ಚುರುಕಾಗುತ್ತದೆ, ನೋಟ್‌ಬುಕ್ಕಿಗೆ ಅದು ಇಳಿಯುವುದು ಕಡಿಮೆ.

ಬರೆಯುವಾಗ ಒಂದು ಕಣ್ಣು ಮುಚ್ಚಿಕೊಳ್ಳುವುದು, ಅಕ್ಷರ ಎರಡೆರಡಾಗಿ ಕಾಣುವುದು, ಪದೇಪದೇ ಸಾಲು ತಪ್ಪುವುದು, ಓದಿದ ಮೇಲೆ ತಲೆನೋವು: ಇವುಗಳಲ್ಲಿ ಒಂದಿದ್ದರೂ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿ. ದೂರದ ಚಾರ್ಟ್ ಸಲೀಸಾಗಿ ಓದುವ ಮಗುವಿಗೂ ಪ್ಲಸ್ ಪವರ್, ಅಂದರೆ ಹತ್ತಿರದ್ದನ್ನು ನೋಡಲು ಕಣ್ಣು ಹೆಚ್ಚು ಶ್ರಮಪಡಬೇಕಾದ ದೋಷ, ಇರಬಹುದು. ಡ್ರಾಪ್ಸ್ ಹಾಕಿ ನೋಡಿದರೇ ಅದು ಸರಿಯಾಗಿ ಗೊತ್ತಾಗುವುದು. ಎರಡು ಕಣ್ಣೂ ಹತ್ತಿರಕ್ಕೆ ಹೊಂದಿಕೊಂಡು ತಿರುಗುತ್ತವೆಯೇ ಎಂಬುದನ್ನೂ ಕೇಳಿ ಪರೀಕ್ಷೆ ಮಾಡಿಸಿ.